ಅರ್ಧರ್ಧ ಮಾತ್ರೆ

ಸೊರಬ ರಸ್ತೆಯ ಆ ವಸತಿ ಶಾಲೆಯಲ್ಲಿ ನರ್ಸಮ್ಮನ ಮುಂದೆ ಕೂರುವ ಸರದಿ ಗುತ್ಯಮ್ಮನಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಪಕ್ಕದಲ್ಲಿ ಮಗಳು ನಾಗಶ್ರೀ ಹೊಸ ಟ್ರಂಕಿನ ಮೇಲೆ ಕೈಯಿಟ್ಟು ನಿಂತಿದ್ದಳು. ತಾಳಗುಂದದಾಚೆಯ ಕುರಿಹಟ್ಟಿಯಿಂದ ಪರೀಕ್ಷೆ ಬರೆದು ಆರನೇ ಕ್ಲಾಸಿಗೆ ಸೀಟು ಪಡೆದವಳು ಅವಳೊಬ್ಬಳೇ. ಓದು, ಊಟ, ಬಟ್ಟೆ, ಎಲ್ಲ ಇಲ್ಲಿಯದೇ. ಕುರಿಗಳ ಹಿಂದೆ ಊರೂರು ತಿರುಗುವ ಅಪ್ಪ ಅವ್ವಂದಿರಿಗೆ ಇದಕ್ಕಿಂತ ದೊಡ್ಡ ವರ ಬೇರೆ ಏನಿದ್ದೀತು?

ಆದರೆ ವರದ ಜೊತೆಗೆ ಒಂದು ಹೆದರಿಕೆಯೂ ಇತ್ತು. ಎಂಟನೇ ವಯಸ್ಸಿನಲ್ಲಿ ನಾಗಶ್ರೀ ಕುರಿಮಂದೆಯ ನಡುವೆ ಬಿದ್ದು ಕೈಕಾಲು ಸೆಟೆದಿದ್ದಳು. ಮತ್ತೆರಡು ಸಲ ಹಾಗೇ ಆದಾಗ ಶಿಕಾರಿಪುರದ ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ಬರೆದುಕೊಟ್ಟು, ಒಂದು ಹೊತ್ತೂ ತಪ್ಪಿಸಬೇಡಿ ಎಂದಿದ್ದರು. ತಪ್ಪಿಸಿರಲಿಲ್ಲ. ಎರಡು ವರ್ಷದಿಂದ ಫಿಟ್ಸು ಅವಳತ್ತ ಸುಳಿದಿರಲಿಲ್ಲ.

ಊರಿನವರ ಅರ್ಜಿಗಳನ್ನೆಲ್ಲ ಬರೆದುಕೊಡುವ ಉಜ್ಜಪ್ಪ ಹಿಂದಿನ ದಿನವೇ ಎಚ್ಚರಿಸಿದ್ದ. "ನೋಡ್ ತಂಗಿ, ನರ್ಸು ಒಂದು ಪಟ್ಟಿ ಓದ್ತಾಳೆ. ಎಲ್ಲದಕ್ಕೂ ಇಲ್ಲ ಅನ್ನು. ಐತಿ ಅಂದ್ಯೋ, ಸೀಟು ಹಿಂದಿನೋರಿಗೆ ಹೋತು. ರೋಗದ ಮಕ್ಳನ್ನ ಇಟ್ಕಂಡು ಅವರೇನು ಆಸ್ಪತ್ರೆ ನಡೆಸ್ತಾರಾ?"

ನರ್ಸು ಪ್ರಮೀಳಾ ಕುಬಟೂರಿನವಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. "ಬಾ ಮಗಾ, ತಲೆ ತೋರ್ಸು. ಹೇನಿದ್ರೆ ನನ್ ಜೊತೆ ಜಗಳ, ಇಲ್ದಿದ್ರೆ ದೋಸ್ತಿ" ಎಂದಳು. ನಾಗಶ್ರೀ ಬಾಯಿ ಮುಚ್ಚಿಕೊಂಡು ನಕ್ಕಳು. ಜಡೆ ನೋಡಿ, ತೂಕ ನೋಡಿ, ಚುಚ್ಚುಮದ್ದಿನ ಕಾರ್ಡು ನೋಡಿ, ನರ್ಸು ಪಟ್ಟಿ ಎತ್ತಿಕೊಂಡಳು.

"ಹೃದಯದ ತೊಂದ್ರೆ ಏನಾದ್ರೂ?"

"ಇಲ್ರಿ."

"ಉಬ್ಬಸ?"

"ಇಲ್ರಿ."

"ಕಿವಿ ಸೋರೋದು?"

"ಇಲ್ರಿ."

ಭಜನೆಯಲ್ಲಿ ಮುಂದಿನವರು ನುಡಿ ಎತ್ತಿಕೊಟ್ಟರೆ ಹಿಂದಿನವರು ಸೊಲ್ಲು ಹಿಡಿಯುತ್ತಾರಲ್ಲ, ಹಾಗೆ ಗುತ್ಯಮ್ಮನ ಬಾಯಿ ನಡೆದಿತ್ತು. ಯೋಚಿಸುವ ಕೆಲಸವೇ ಇರಲಿಲ್ಲ.

"ಫಿಟ್ಸು, ಮೂರ್ಛೆ?"

"ಇಲ್ರಿ."

"ದಿನಾ ತಗೊಳ್ಳೋ ಮಾತ್ರೆ?"

"ಇಲ್ರಿ."

ನರ್ಸು ಪೆನ್ನು ನಿಲ್ಲಿಸಿ ತಲೆಯೆತ್ತಿದಳು. "ಇದ್ರೆ ಹೇಳ್ಬಿಡಿ ಮಾರಾಯ್ತಿ. ಪೆಟ್ಟಿಗೇಲಿ ಮಾತ್ರೆ ಇಡೋ ಹಾಗಿಲ್ಲ. ನನ್ ಕೈಗೆ ಕೊಟ್ರೆ ಹೊತ್ತಿಗೆ ಸರಿಯಾಗಿ ನಾನೇ ನುಂಗಿಸ್ತೀನಿ."

ಆ ದನಿಯಲ್ಲಿ ಮೋಸವಿರಲಿಲ್ಲ. ಗುತ್ಯಮ್ಮನ ಮಾತು ಗಂಟಲವರೆಗೆ ಬಂತು. ಬೆನ್ನ ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಸೀಟು ಹಿಂದಿನೋರಿಗೆ ಹೋತು. ಅವಳು ಮಾತನ್ನು ನುಂಗಿಕೊಂಡು, ಮಹಿಳಾ ಸಂಘದಲ್ಲಿ ಕಲಿತ ಅಕ್ಷರಗಳಲ್ಲಿ ಪಟ್ಟಿಯ ಕೆಳಗೆ ತನ್ನ ಹೆಸರು ಬರೆದುಕೊಟ್ಟಳು.

ಮಾತ್ರೆಗಳು ಟ್ರಂಕಿನೊಳಗಿನ ಕೌದಿಯ ಮೂಲೆಯಲ್ಲಿದ್ದವು. ಹಿಂದಿನ ರಾತ್ರಿಯೇ ಮೂಲೆಯ ಹೊಲಿಗೆ ಬಿಚ್ಚಿ ಬೆರಳು ಹೋಗುವಷ್ಟು ಕಿಸೆ ಮಾಡಿ, ಮಗಳಿಗೆ ಹೇಳಿಕೊಟ್ಟಿದ್ದಳು. "ಮುಖ ತೊಳೆಯೋಕೆ ಮುಂಚೆ ಒಂದು, ದೀಪದ ಹೊತ್ತಿಗೆ ಒಂದು. ಯಾರೂ ನೋಡಬಾರ್ದು. ಕೇಳಿದ್ರೆ ಪೆಪ್ಪರ್‌ಮಿಂಟು ಅನ್ನು."

"ಪೆಪ್ಪರ್‌ಮಿಂಟಾದ್ರೆ ನಮಗೂ ಕೊಡು ಅಂತಾರವ್ವ!"

ಅಪ್ಪ ಕರಿಯಣ್ಣ ಹೊಟ್ಟೆ ಹಿಡಿದು ನಕ್ಕಿದ್ದ. "ನಿನ್ನ ಮಗಳು ಲಾಯರಾಗ್ತಾಳೆ, ಬರೆದಿಟ್ಕ."

ಅಲ್ಲಿಂದ ಮುಂದೆ ತಿಂಗಳ ಎರಡನೇ ಭಾನುವಾರ ತಪ್ಪದೆ ಗುತ್ಯಮ್ಮ ಶಿಕಾರಿಪುರದಿಂದ ಮಾತ್ರೆ ತೆಗೆದುಕೊಂಡು, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ ಬರುತ್ತಿದ್ದಳು. ಮಗಳ ಕೆನ್ನೆ ತುಂಬಿಕೊಂಡಿತ್ತು. ಹಟ್ಟಿಯ ಮರಿಗಳನ್ನು ಹೆಸರು ಹಿಡಿದು ವಿಚಾರಿಸುತ್ತಿದ್ದಳು. ತಾಯಿ ಸತ್ತ ಮರಿಗಳಿಗೆ ಬಾಟಲಿ ಹಾಲು ಕುಡಿಸುವುದು ಚಿಕ್ಕಂದಿನಿಂದ ಅವಳದೇ ಕೆಲಸ. ಹಾಲು ಸಾಲದ ದಿನ ಗುತ್ಯಮ್ಮ ಹೇಳಿಕೊಡುತ್ತಿದ್ದಳು: "ಒಂದಕ್ಕೇ ಪೂರ್ತಿ ಕುಡಿಸಬ್ಯಾಡ. ಅರ್ಧರ್ಧ ಕುಡಿಸು, ನಾಳೆತಂಕ ತಡಕಂತಾವೆ."

ಡಿಸೆಂಬರಿನಲ್ಲಿ ಮೆಕ್ಕೆಜೋಳದ ಕಟಾವು ಮುಗಿದು, ಬಯಲಾದ ಹೊಲಗಳಲ್ಲಿ ಮೇಯುತ್ತ ಮಂದೆ ಊರು ಬಿಟ್ಟು ಹೊರಟಿತು. ದಾರಿಯಲ್ಲಿ ಕುರಿಗಳಿಗೆ ಕಾಲುಬೇನೆ ಬಂತು. ಗೊರಸಿನ ನಡುವೆ ಹುಳ ಬಿದ್ದ ಕುರಿಗಳನ್ನು ಗಂಡನೊಬ್ಬನ ಮೇಲೆ ಬಿಟ್ಟು ಹೋಗಲಾರದೆ ಗುತ್ಯಮ್ಮ ಎರಡನೇ ಭಾನುವಾರ ತಪ್ಪಿಸಿದಳು. ಮಗಳೊಂದಿಗೆ ಶಾಲೆಯ ಫೋನಿನಲ್ಲಿ ಮಾತಾಡಿದಳು.

"ಐತೇನವ್ವ?"

"ಐತವ್ವ."

"ಎಷ್ಟೈತಿ?"

"ಬೇಕಾದಷ್ಟೈತಿ. ನೀವು ಕುರಿ ನೋಡ್ಕಳ್ರಿ."

ದೊಡ್ಡವಳಂತೆ ಮಾತಾಡಿದ ಮಗಳನ್ನು ನೆನೆದು ಗುತ್ಯಮ್ಮ ಆ ದಿನವೆಲ್ಲ ಹಿಗ್ಗಿದಳು. ಮುಂದಿನ ಭಾನುವಾರವೂ ಹೋಗಲಾಗಲಿಲ್ಲ.

ಗುರುವಾರ ಬೆಳಿಗ್ಗೆ ಮಂದೆ ಬಿಡುವ ಹೊತ್ತಿಗೆ ಫೋನು ಬಂತು. ಆ ಕಡೆ ಆಂಬುಲೆನ್ಸಿನ ಕೂಗು, ಕುಲುಕಾಟ. "ಗುತ್ಯಮ್ಮನವರಾ? ನಾನು ಪ್ರಮೀಳಾ, ನರ್ಸು. ನಿಮ್ ಹುಡುಗಿ ನೀರಿನ ತೊಟ್ಟಿ ಹತ್ರ ಬಿದ್ದಿದಾಳೆ. ಫಿಟ್ಸು ನಿಲ್ತಾನೇ ಇಲ್ಲ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಿದೀವಿ. ಸರಿಯಾಗಿ ಕೇಳಿಸ್ಕೊಳ್ಳಿ, ಡಾಕ್ಟರಿಗೆ ಹೇಳ್ಬೇಕು. ಮೊದ್ಲು ಯಾವತ್ತಾದ್ರೂ ಹೀಗೆ ಬಂದಿತ್ತಾ?"

"ಇಲ್ರಿ."

"ಯಾವ್ದಾದ್ರೂ ಮಾತ್ರೆ ತಗೊಳ್ತಿದ್ಲಾ?"

"ಇಲ್ರಿ."

ಸೊಲ್ಲು ತಾನಾಗಿ ಬಾಯಿಗೆ ಬಂದಿತ್ತು. ಫೋನು ಕಡಿದುಹೋಯಿತು.

"ಏನಂತೆ?" ಎಂದ ಕರಿಯಣ್ಣ. ಅವಳು ಹೇಳಿದಳು. ಅವನು ಕೋಲೆಸೆದು ಹತ್ತಿರ ಬಂದ.

"ಇಲ್ಲ ಅಂದ್ಯಾ? ಯಾಕೆ ಇಲ್ಲ ಅಂದ್ಯೇ?"

ಗುತ್ಯಮ್ಮ ಆಗ ಎಚ್ಚೆತ್ತವಳಂತೆ ಓಡಿದಳು. ಆ ಬಯಲಿನಲ್ಲಿ ಸಿಗ್ನಲ್ಲು ನೆಟ್ಟಗೆ ಸಿಗುತ್ತಿದ್ದುದು ಕೆರೆ ಏರಿಯ ಮೇಲೆ ಮಾತ್ರ. ಕೂಳೆ ಕಾಲಿಗೆ ಚುಚ್ಚಿತು, ಸೆರಗು ಬೇಲಿಗೆ ಸಿಕ್ಕಿ ಹರಿಯಿತು. ಏರಿ ಹತ್ತಿ ನಿಂತು ಒಂದು ಸಲ ಮಾಡಿದಳು, ಎರಡು ಸಲ, ಮೂರು ಸಲ. ನಾಲ್ಕನೆಯದಕ್ಕೆ ಹತ್ತಿತು.

"ಐತ್ರೀ! ಮೂರು ವರ್ಷದಿಂದ ಐತ್ರೀ. ದಿನಾ ಎರಡು ಮಾತ್ರೆ. ಕೌದಿ ಮೂಲೇಲಿ ಇಟ್ಟೀನ್ರೀ ನರ್ಸಮ್ಮ, ನಾನೇ ಹೊಲಿದು ಇಟ್ಟೀನ್ರೀ!"

ಆ ಕಡೆ ನರ್ಸು ಯಾರಿಗೋ ಗಟ್ಟಿಯಾಗಿ ಏನೋ ಹೇಳಿದ್ದು ಕೇಳಿತು. ಅವಳು ಏರಿಗೆ ಓಡಿದ ಹೊತ್ತು ಎಷ್ಟೆಂದು ಯಾರೂ ಅಳೆದವರಿಲ್ಲ. ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳುವ ಧೈರ್ಯ ಅವಳಿಗೆ ಮುಂದೆಯೂ ಬರಲಿಲ್ಲ.

ನಾಗಶ್ರೀ ಶನಿವಾರ ಸಂಜೆ, ದೀಪದ ಹೊತ್ತಿಗೆ, ಕಣ್ಣು ತೆರೆಯದೆಯೇ ಹೋದಳು.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಗಂಡಹೆಂಡಿರು ಟ್ರಂಕು ತರಲು ಶಾಲೆಗೆ ಹೋದರು. ಹೆಡ್‌ಮಾಸ್ತರು ಮೇಜಿನ ಮೇಲೆ ಆ ಪಟ್ಟಿಯ ಕಾಗದ ಇಟ್ಟು ತಿರುಗಿಸಿದರು. "ಬೇಜಾರು ಮಾಡ್ಕೋಬೇಡಿ. ಮೇಲಿನೋರು ಕೇಳ್ತಾರೆ. ಇದು ನಿಮ್ದೇ ಸಹಿ ತಾನೇ?"

"ಹೌದ್ರಿ" ಎಂದಳು ಗುತ್ಯಮ್ಮ. ಆ ಶಾಲೆಯಲ್ಲಿ ಅವಳಾಡಿದ ಮೊದಲ ಹೌದು ಅದು.

ಕರಿಯಣ್ಣ ಟ್ರಂಕನ್ನು ಹೊರಗೆ ಒಯ್ದು ಬೈಕಿಗೆ ಕಟ್ಟತೊಡಗಿದ. ನರ್ಸು ಗುತ್ಯಮ್ಮನನ್ನು ತನ್ನ ಕೋಣೆಗೆ ಕರೆದು ಕೂರಿಸಿ, ಮಡಿಸಿದ ಕೌದಿಯನ್ನೂ ನೋಟ್‌ಬುಕ್ಕಿನ ಹಾಳೆಯ ಒಂದು ಪೊಟ್ಟಣವನ್ನೂ ಅವಳ ತೊಡೆಯ ಮೇಲಿಟ್ಟಳು. "ಮೂಲೇಲಿ ಇತ್ತು."

ಬಿಚ್ಚಿದರೆ ಅರ್ಧ ಮಾಡಿದ ಮಾತ್ರೆಗಳು, ಒಂಬತ್ತು ಚೂರು. ಕಾಂಪಾಸಿನ ಮೊನೆಯಿಂದ ಕೊರೆದು ಮುರಿದದ್ದು. ಕೆಲವು ಸರಿಯಾಗಿ ಅರ್ಧವಾಗದೆ ಅಂಚು ಪುಡಿಯಾಗಿತ್ತು. ಹಾಳೆಯ ಮೇಲೆ ಗುಂಡಗಿನ ಅಕ್ಷರದಲ್ಲಿ ತಾರೀಖುಗಳು, ಒಂದೊಂದಕ್ಕೂ ಎರಡು ಸಣ್ಣ ಗೆರೆ.

"ಅವ್ವ ಬರೋದು ತಡವಾದ್ರೂ ಸಾಲಬೇಕು ಅಂತ ಅರ್ಧರ್ಧ ಮಾಡ್ಕೊಂಡಿದಾಳೆ" ಎಂದಳು ನರ್ಸು. "ಯಾರು ಹೇಳ್ಕೊಟ್ರೋ."

ಗುತ್ಯಮ್ಮ ಹಾಳೆಯ ಮೇಲೆ ಉದುರಿದ ಪುಡಿಯನ್ನು ಬೆರಳ ತುದಿಯಿಂದ ಒಟ್ಟುಮಾಡಿದಳು.

ನರ್ಸು ಎದ್ದು ಗೋಡೆಯ ಕಪಾಟು ತೆರೆದಳು. ಎರಡನೇ ಹಲಗೆಯ ಮೇಲೆ ಅದೇ ಬಣ್ಣದ ಸ್ಟ್ರಿಪ್ಪುಗಳು, ಅದೇ ಮಾತ್ರೆ, ಡಬ್ಬಿ ತುಂಬ. "ಸರ್ಕಾರದಿಂದ ಪುಕ್ಕಟೆ ಬರುತ್ತೆ. ಇಲ್ಲೇ ಇನ್ನಿಬ್ರು ಮಕ್ಳಿಗೆ ದಿನಾ ಕೊಡ್ತೀನಿ."

"ಅವರ ಸೀಟು?"

"ಸೀಟಿಗೇನಾಗುತ್ತೆ? ಒಬ್ಳು ಎಂಟನೇ ಕ್ಲಾಸು, ಒಬ್ಳು ಒಂಬತ್ತು."

ಗುತ್ಯಮ್ಮ ಕಪಾಟನ್ನು ನೋಡುತ್ತ ಕೂತಳು. ಅವಳ ಮಗಳು ಮಲಗುತ್ತಿದ್ದ ಕೋಣೆಗೂ ಈ ಕಪಾಟಿಗೂ ನಡುವೆ ಒಂದು ಅಂಗಳವಿತ್ತು, ಅಷ್ಟೆ.

ಬಾಗಿಲಲ್ಲಿ ನೆರಳಾಡಿತು. ನಾಗಶ್ರೀ ಹೋದಮೇಲೆ ಎಲ್ಲ ಮನೆಯವರನ್ನೂ ಕರೆಸಿ ಪಟ್ಟಿಯನ್ನು ಹೊಸದಾಗಿ ಬರೆಸಿಕೊಳ್ಳುತ್ತಿದ್ದರು. ಬಳ್ಳಿಗಾವಿ ಕಡೆಯ ಹೆಂಗಸೊಬ್ಬಳು ಮಗಳೊಂದಿಗೆ ಕಾದು ಕಾದು ಬೇಸತ್ತಿದ್ದಳು. "ಮೇಡಂ, ನಮ್ದೊಂದು ಮುಗಿಸ್ಬಿಡ್ರಿ, ಬಸ್ಸು ಹೋಗ್ತತಿ."

ಸ್ವಲ್ಪ ಇರಿ ಎಂಬಂತೆ ಗುತ್ಯಮ್ಮನ ಭುಜ ಮುಟ್ಟಿ ನರ್ಸು ಕುರ್ಚಿಗೆ ಬಂದಳು. ಪಟ್ಟಿ ಎತ್ತಿಕೊಂಡಳು. ಈ ಸಲ ಅವಳ ದನಿ ಸಣ್ಣಗಿತ್ತು.

"ಹೃದಯದ ತೊಂದ್ರೆ?"

"ಇಲ್ರಿ."

"ಉಬ್ಬಸ?"

"ಇಲ್ರಿ, ಅಂಥದ್ದೇನೂ ಇಲ್ರಿ."

ಆ ಹೆಂಗಸಿನ ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮೂರು ಮೆಟ್ಟಿಲು ಹತ್ತಿ ಬಂದದ್ದಕ್ಕೇ ಹುಡುಗಿಯ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಕುರಿಗಳ ನೆಗಡಿ ಕೆಮ್ಮನ್ನು ಕತ್ತಲಲ್ಲೂ ಗುರುತಿಸುವ ಗುತ್ಯಮ್ಮನ ಕಿವಿಗೆ ಅದು ಚೆನ್ನಾಗಿ ಕೇಳಿತು.

"ಐತಿ ಅಂತ ಬರ್ಕಳ್ರಿ" ಎಂದಳು.

ಹೆಂಗಸು ಸರ್ರನೆ ತಿರುಗಿದಳು. "ಯಾರಮ್ಮ ನೀನು? ನನ್ ಮಗಳ ವಿಷ್ಯ ನಿಂಗ್ಯಾಕೆ? ಅವಳ ಸೀಟು ಕಳೀಬೇಕು ಅಂತ ಕೂತೀಯಾ?"

"ಸೀಟು ಹೋಗಲ್ಲವ್ವ."

"ನಿನ್ ಮಗಳದ್ದು ನೀನು ನೋಡ್ಕ ಹೋಗು!"

ನರ್ಸಿನ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ಗುತ್ಯಮ್ಮ ಪೊಟ್ಟಣವನ್ನು ಮಡಿಸಿ ಕೌದಿಯ ಮೂಲೆಗೆ ತುರುಕಿದಳು. ಬೆರಳು ಸಲೀಸಾಗಿ ಒಳಗೆ ಹೋಯಿತು. ಕೌದಿಯನ್ನು ಎದೆಗೆ ಅವುಚಿಕೊಂಡು ಎದ್ದು, ಆ ಹುಡುಗಿಯ ಪಕ್ಕದಲ್ಲಿ ಹಾದು ಹೊರಗೆ ನಡೆದಳು. ಬೆನ್ನ ಹಿಂದೆ ಹೆಂಗಸು ಇನ್ನೂ ಬೈಯುತ್ತಿದ್ದಳು. ನರ್ಸು ಏನು ಬರೆದುಕೊಂಡಳೋ ಗುತ್ಯಮ್ಮನಿಗೆ ತಿಳಿಯಲಿಲ್ಲ.