ಮೂರು ವರ್ಷ ಸಾಯಬಾರದು

ಪುಟ್ಟಗಂಗಮ್ಮನ ಎಡಗೈ ಮಧ್ಯಾಹ್ನದ ಹೊತ್ತಿಗೆ ಬಾತುಕೊಳ್ಳುತ್ತದೆ. ಸ್ತನದ ಗಡ್ಡೆಯ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದ ಮೇಲೆ, ಆ ಕೈಯಲ್ಲಿ ಕೂಡಿಕೊಳ್ಳುವ ನೀರಿಗೆ ಹರಿದುಹೋಗಲು ದಾರಿಯಿಲ್ಲ. ಭಾರ ಎತ್ತಬೇಡಿ, ಗಾಯ ಮಾಡಿಕೊಳ್ಳಬೇಡಿ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅವಳ ಕೆಲಸ ಕೊಬ್ಬರಿ ಬಿಡಿಸುವುದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಎಡಗೈಯಲ್ಲಿ ಹಿಡಿಯಬೇಕು. ಬಲಗೈಯ ಮಚ್ಚಿನಿಂದ ಚಿಪ್ಪಿನ ಸುತ್ತಲೂ ಬಡಿಯಬೇಕು. ಒಳಗಿನ ಉಂಡೆ ಸೀಳಬಾರದು. ಉಂಡೆ ಸೀಳಿದರೆ ಕೂಲಿಯಲ್ಲಿ ಹಿಡಿಯುತ್ತಾರೆ. ಮಚ್ಚು ಜಾರಿದರೆ ಎಡಗೈಯ ಮೇಲೆಯೇ ಬೀಳುತ್ತದೆ.

ಕಿಬ್ಬನಹಳ್ಳಿಯಿಂದ ಅವಳು ದಿನವೂ ಬಸ್ಸಿನಲ್ಲಿ ತಿಪಟೂರಿಗೆ ಬರುತ್ತಾಳೆ. ಊರಾಚೆ ತೋಂಟದಾರ್ಯ ಎಂಬ ವರ್ತಕರ ಕೊಬ್ಬರಿ ಗೋದಾಮಿದೆ. ಅಲ್ಲಿ ಅವಳ ಪಕ್ಕದಲ್ಲಿ ಅಂಕಮ್ಮ ಕೂರುತ್ತಾಳೆ. ಇಬ್ಬರೂ ಒಂದೇ ಊರಿನವರು, ಸುಮಾರು ಒಂದೇ ವಯಸ್ಸಿನವರು.

ಕಳೆದ ವರ್ಷ ಈ ಗೋದಾಮಿನ ಅಟ್ಟ ಕುಸಿದು, ಕಾಯಿಯ ರಾಶಿಯ ಕೆಳಗೆ ಸಿಕ್ಕಿ ನಿಂಗಮ್ಮ ಎಂಬ ಕೂಲಿಯಾಳು ಸತ್ತಳು. ತೋಂಟದಾರ್ಯರು ಮಣ್ಣು ಮಾಡುವ ಖರ್ಚು ಕೊಟ್ಟರು. ಹೆಂಗಸರು ಅಷ್ಟಕ್ಕೆ ಸುಮ್ಮನಾಗದೆ ಪರಿಹಾರ ಕೇಳಿದರು. ತೋಂಟದಾರ್ಯರು ಅಟ್ಟವನ್ನು ಸರಿಪಡಿಸಲಿಲ್ಲ. ಅದರ ಬದಲು ಒಂದು ನಿಯಮ ತಂದರು: ಎಲ್ಲರೂ ತಮ್ಮ ಕೂಲಿಯಿಂದಲೇ ಜೀವವಿಮೆ ಮಾಡಿಸಬೇಕು, ವಿಮೆಯಿಲ್ಲದವರಿಗೆ ಯುಗಾದಿ ಕಳೆದ ಮೇಲೆ ಕೆಲಸವಿಲ್ಲ. ಇನ್ನು ಮುಂದೆ ಯಾರಾದರೂ ಸತ್ತರೆ ಕಂಪನಿಯನ್ನು ಕೇಳಿ, ನನ್ನನ್ನಲ್ಲ ಎಂಬುದು ಅದರ ಅರ್ಥ. ಹೆಂಗಸರಿಗೆ ಅರ್ಥವಾಗಿತ್ತು. ಆದರೂ ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು.

ಪುಟ್ಟಗಂಗಮ್ಮನಿಗೆ ವಿಮೆ ಬೇಡವೆಂದಿರಲಿಲ್ಲ. ನಿಜ ಹೇಳಬೇಕೆಂದರೆ, ಎಲ್ಲರಿಗಿಂತ ಹೆಚ್ಚಾಗಿ ಅವಳಿಗೇ ಬೇಕಾಗಿತ್ತು. ಗಂಡ ಇಲ್ಲ. ಮಗಳು ಯೋಗಿತಾ ಪಿಯುಸಿ ಓದುತ್ತಿದ್ದಳು. ತಾನು ಹೋದರೆ ಆ ಹುಡುಗಿಯ ಓದು ಅಂದೇ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ವಿಮೆಯ ಏಜೆಂಟ್ ಸೂರ್ಯಪ್ರಕಾಶ್ ಬಂದ ದಿನವೇ ಅವನನ್ನು ಪಕ್ಕಕ್ಕೆ ಕರೆದು ಆಪರೇಷನ್ನಿನ ವಿಷಯವನ್ನು ಮುಚ್ಚಿಡದೆ ತಿಳಿಸಿದಳು. ಅವನು ಅವಳ ಹೆಸರು ಹೇಳದೆ ಕಂಪನಿಯಲ್ಲಿ ವಿಚಾರಿಸಿದ. ಚಿಕಿತ್ಸೆ ಮುಗಿದು ಐದು ವರ್ಷವಾಗಲಿ, ಆಮೇಲೆ ನೋಡೋಣ ಎಂದು ಉತ್ತರ ಬಂತು. ಮುಗಿದು ಮೂರು ವರ್ಷವಾಗಿತ್ತಷ್ಟೆ.

ಕಂಪನಿಗೆ ಕಾಯುವ ಅವಕಾಶವಿತ್ತು. ಯುಗಾದಿಗೆ ಉಳಿದಿದ್ದುದು ಒಂದೇ ವಾರ.

ದಾರಿ ತೋರಿಸಿದವನು ಸೂರ್ಯಪ್ರಕಾಶನೇ. ವೈದ್ಯರ ತಪಾಸಣೆಗೆ ಪುಟ್ಟಗಂಗಮ್ಮನ ಹೆಸರಿನಲ್ಲಿ ಬೇರೆ ಯಾರಾದರೂ ಹೋದರೆ ಆಯಿತು ಎಂದ.

"ನಿಮ್ಮೂರಲ್ಲಿ ಮುಯ್ಯಾಳು ಹೋಗಲ್ವೇನಮ್ಮ? ಇದೂ ಹಂಗೇ."

ಈ ಮಾತು ಅವಳಿಗೂ ಪಕ್ಕದಲ್ಲಿದ್ದ ಅಂಕಮ್ಮನಿಗೂ ಸಹಜವಾಗಿಯೇ ಕೇಳಿಸಿತು. ಇಂದು ನಿನ್ನ ಹೊಲದಲ್ಲಿ ನಾನು ದುಡಿದರೆ ನಾಳೆ ನನ್ನ ಹೊಲದಲ್ಲಿ ನೀನು ದುಡಿದು ತೀರಿಸುವುದು ಅಲ್ಲಿನ ರೂಢಿ. ಪುಟ್ಟಗಂಗಮ್ಮ ಕೀಮೋ ಹಾಕಿಸಿಕೊಂಡು ಮಲಗಿದ್ದ ತಿಂಗಳುಗಳಲ್ಲಿ ಅಂಕಮ್ಮ ಅವಳ ಪಾಲಿನ ಕಾಯಿಯನ್ನೂ ಬಿಡಿಸಿದ್ದಳು. ಎದ್ದು ಬಂದ ಮೇಲೆ ಇವಳು ಅದನ್ನು ತೀರಿಸಿದ್ದಳು. ಹಾಗಿರುವಾಗ ಒಂದು ಸೀಸೆ ರಕ್ತ ಕೊಡುವುದು ಅಂಕಮ್ಮನಿಗೆ ದೊಡ್ಡದೆನಿಸಲಿಲ್ಲ. ಆಧಾರ್ ಕಾರ್ಡಿನ ಮುಖ ಬೇರೆಯಲ್ಲವೇ ಎಂದು ಮಾತ್ರ ಕೇಳಿದಳು.

"ಆಧಾರ್ ಫೋಟೋದಲ್ಲಿ ಯಾರು ಅವ್ರ ತರ ಅವ್ರೇ ಕಾಣ್ತಾರೆ ಬುಡಮ್ಮ" ಎಂದು ಸೂರ್ಯಪ್ರಕಾಶ ನಕ್ಕ.

ಬುಧವಾರ ಅವರಿಬ್ಬರೂ ಕೂಲಿ ಬಿಟ್ಟು ತಿಪಟೂರಿನ ಒಂದು ಸಣ್ಣ ಕ್ಲಿನಿಕ್ಕಿಗೆ ಹೋದರು. ರಕ್ತ ಕೊಡಬೇಕೆಂದು ಅಂಕಮ್ಮ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸೂರ್ಯಪ್ರಕಾಶ ಅವರ ನಡುವೆ ಬೆಂಚಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ. ಹಸಿವಿಗೋ ಏನೋ, ಅಂಕಮ್ಮನಿಗೆ ಮಾತು ಬೇಕಾಯಿತು.

"ಅಲ್ಲಪ್ಪ, ಇವ್ಳಿಗೆ ಏನಾದ್ರೂ ಆದ್ರೆ ಮಗೀಗೆ ದುಡ್ಡು ಬತ್ತದೆ ತಾನೆ?"

ಅವನು ತಲೆಯೆತ್ತಲಿಲ್ಲ. "ಮೂರು ವರ್ಷ ದಾಟಿದ್ರೆ ಕಂಪನಿ ತಕರಾರು ಮಾಡಂಗಿಲ್ಲ ಕಣಮ್ಮ. ಮೂರು ವರ್ಷ ಸಾಯಬಾರ್ದು, ಅಷ್ಟೇ."

"ಅದ್ರೊಳಗೇ ಹೋದ್ರೆ?"

ಅದರೊಳಗೆ ಹೋದರೆ ಕಂಪನಿಯವರು ಆಸ್ಪತ್ರೆಯ ದಾಖಲೆ ತೆಗೆಸುತ್ತಾರೆ. ರೋಗ ಮುಚ್ಚಿಟ್ಟಿದ್ದು ಗೊತ್ತಾದರೆ ದುಡ್ಡು ಕೊಡುವುದಿಲ್ಲ. ಬೇರೆಯವರ ರಕ್ತ ಕೊಟ್ಟಿದ್ದು ಗೊತ್ತಾದರೆ ಅಂಕಮ್ಮನ ಮೇಲೂ ಕೇಸಾಗಬಹುದು. ಇದನ್ನೆಲ್ಲ ಅವನು ಬಸ್ಸಿನ ವೇಳೆ ಹೇಳುವಷ್ಟು ಸಲೀಸಾಗಿ ಹೇಳಿದ.

ಪುಟ್ಟಗಂಗಮ್ಮ ಬಾತ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಮತ್ತೆ ಇದು ಯಾರಿಗೆ ಸ್ವಾಮಿ?"

"ಯಜಮಾನ್ರಿಗೆ ಪಾಲಿಸಿ ನಂಬರ್ ಬೇಕು. ನಿಮಗೆ ಕೆಲಸ ಬೇಕು. ಎರಡೂ ಆಗ್ತದಲ್ಲ."

ಅವನಿಗೂ ಪಾಲಿಸಿಗಿಷ್ಟೆಂದು ಕಮಿಷನ್ ಸಿಗುತ್ತಿತ್ತು.

ಒಳಗಿನಿಂದ ಡಾಕ್ಟರಮ್ಮ ಪುಟ್ಟಗಂಗಮ್ಮ ಎಂದು ಕರೆದರು. ಅಂಕಮ್ಮ ಎದ್ದಳು. ಪುಟ್ಟಗಂಗಮ್ಮ ಅವಳ ಸೆರಗು ಹಿಡಿದು ಕೂರಿಸಿದಳು. ಆಮೇಲೆ ತಾನೇ ಎದ್ದು ಬಾಗಿಲಿಗೆ ಹೋದಳು.

"ಪುಟ್ಟಗಂಗಮ್ಮ ನಾನೇ ಕಣವ್ವ. ನಂಗೆ ಕ್ಯಾನ್ಸರ್ ಆಗಿತ್ತು."

ಊರಿನಲ್ಲಿ ಅದನ್ನು ಎಲ್ಲರೂ ಗಡ್ಡೆ ಎನ್ನುತ್ತಿದ್ದರು. ಅವಳೂ ಹಾಗೆಯೇ ಅನ್ನುತ್ತಿದ್ದಳು. ಹೊರಗಿನವರ ಮುಂದೆ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಕಾಯುತ್ತಿದ್ದವರು ತಿರುಗಿ ನೋಡಿದರು. ಸೂರ್ಯಪ್ರಕಾಶ ಮೊಬೈಲು ಜೇಬಿಗೆ ಹಾಕಿಕೊಂಡು ಹೊರಗೆ ನಡೆದ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅಂಕಮ್ಮ ಇಡ್ಲಿ ತಿನ್ನುತ್ತಾ ಬೈದಳು. "ಬೆಳಗಾಗೆದ್ದು ಉಪಾಸ ಕೆಡವಿದೆಯಲ್ಲೇ ನನ್ನ. ಮೊದ್ಲೇ ಹೇಳಿದ್ರೆ ಉಂಡ್ಕೊಂಡಾದ್ರೂ ಬತ್ತಿದ್ದೆ." ಪುಟ್ಟಗಂಗಮ್ಮ ನಗಲು ನೋಡಿದಳು. ಆಗಲಿಲ್ಲ. ಯೋಗಿತಾಗೆ ಏನು ಹೇಳಬೇಕೆಂದು ಅವಳಿಗೆ ತೋಚಿರಲಿಲ್ಲ.

ಯುಗಾದಿ ಕಳೆದ ಮೊದಲ ದಿನ ತೋಂಟದಾರ್ಯರು ಗೋದಾಮಿನ ಗೇಟಿನಲ್ಲಿ ತಾವೇ ನಿಂತಿದ್ದರು. ಅವರು ಗದರುವವರಲ್ಲ. ಐದು ವರ್ಷ ತುಂಬಲಿ, ಕಂಪನಿ ಒಪ್ಪಿದ ದಿನ ಬಾರಮ್ಮ, ನಿನ್ನ ಜಾಗ ಎಲ್ಲಿಗೂ ಹೋಗುವುದಿಲ್ಲ ಎಂದು ಸಮಾಧಾನದಿಂದಲೇ ಹೇಳಿದರು. ನಾಳೆ ನಿನಗೆ ಏನಾದರೂ ಆದರೆ ಯಾರು ಹೊಣೆ ಎಂದೂ ಕೇಳಿದರು.

ಪುಟ್ಟಗಂಗಮ್ಮ ಗಟ್ಟಿಯಾಗಿ ಮಾತಾಡಲಿಲ್ಲ. ಆದರೂ ಹಿಂದೆ ನಿಂತವರಿಗೆಲ್ಲ ಕೇಳಿಸಿತು.

"ಸತ್ರೆ ಕೊಡೋ ದುಡ್ಡಿನ ಮಾತು ಆಮೇಲಾಯ್ತು ಯಜಮಾನ್ರೆ. ಈಗ ಬದುಕಿದೀನಿ. ಅದಕ್ಕೆ ಕೂಲಿ ಕೊಡಿ."

ಅವರು ಗೇಟಿನ ಒಂದು ಬಾಗಿಲನ್ನಷ್ಟೇ ತೆರೆದು ಮಿಕ್ಕವರನ್ನು ಒಳಗೆ ಕರೆದರು. ಚೈತ್ರ ಎಂಬ ಹುಡುಗಿ ಮತ್ತು ಅವಳ ಅತ್ತೆ ತಲೆ ತಗ್ಗಿಸಿಕೊಂಡು ಒಳಹೋದರು. ಹಿಂದಿನ ವಾರದ ಕೂಲಿ ಅವರಿಗಿನ್ನೂ ಬಂದಿರಲಿಲ್ಲ. ಅವರನ್ನು ಯಾರೂ ಬೈಯಲಿಲ್ಲ. ಅಂಕಮ್ಮ ಹೋಗಲಿಲ್ಲ. ಗೋಡೆಗೆ ಒರಗಿ ಕೂತಳು. ಮಿಕ್ಕವರು ಅವಳನ್ನೊಮ್ಮೆ, ತೆರೆದ ಗೇಟನ್ನೊಮ್ಮೆ ನೋಡಿದರು. ಒಬ್ಬೊಬ್ಬರಾಗಿ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ಅದು ಅವರಿಗೆ ಗೊತ್ತೂ ಇರಲಿಲ್ಲ.

ಲಾರಿ ಬಂದು ನಿಂತಿತು. ಮಾರುಕಟ್ಟೆಗೆ ಹೋಗಬೇಕಾದ ಕೊಬ್ಬರಿ ಇನ್ನೂ ಚಿಪ್ಪಿನೊಳಗಿತ್ತು. ಹೇಗಾದರೂ ಒಂದು ಪಾಲಿಸಿ ನಂಬರು ಸಿಗುತ್ತದೇನೋ ಎಂದು ತೋಂಟದಾರ್ಯರು ಸೂರ್ಯಪ್ರಕಾಶನಿಗೆ ಫೋನು ಮಾಡಿದರು. ಅವನು ತೆಗೆಯಲಿಲ್ಲ.

ಬಿಸಿಲು ಗೋಡೆಯ ಬುಡಕ್ಕೆ ಬಂತು. ತನ್ನ ದೆಸೆಯಿಂದ ಇಷ್ಟು ಜನರ ಕೂಲಿ ಹೋಗುತ್ತಿದೆ ಎಂಬುದನ್ನು ಪುಟ್ಟಗಂಗಮ್ಮನಿಗೆ ಸಹಿಸಲಾಗಲಿಲ್ಲ.

"ನೀವಾದ್ರೂ ಹೋಗ್ರೇ" ಎಂದಳು. "ಮನೇಲಿ ಮಕ್ಕಳವೆ."

"ಸುಮ್ಕೆ ಕೂತ್ಕೋ ಕಣೇ" ಎಂದಳು ಅಂಕಮ್ಮ. "ನಮ್ಗೂ ಸುಸ್ತಾಗ್ಯದೆ."

ಒಳಗೆ ಚೈತ್ರ ಮತ್ತು ಅವಳ ಅತ್ತೆ ಇಬ್ಬರೇ ಚಿಪ್ಪು ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಮೊದಲು ಒಂದು ಮಚ್ಚು ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ನಿಂತಿತು.