ಹೊರಬೀಡಿನ ಕಾವಲು

ನಗರಗೆರೆಯಿಂದ ಆಂಧ್ರದ ಗಡಿಯತ್ತ ಸಾಗುವ ದಾರಿಯಲ್ಲಿರುವ ಬೋಡಿಬಂಡೆಹಳ್ಳಿ ವರ್ಷಕ್ಕೊಂದು ದಿನ ಮನುಷ್ಯರದಲ್ಲ. ಅಂದು ಬೆಳಗಾಗುವಷ್ಟರಲ್ಲಿ ಒಲೆಗಳನ್ನು ಆರಿಸಿ, ಬಾಗಿಲುಗಳಿಗೆ ಬೀಗವಿಕ್ಕಿ, ದನಕರು, ಕೋಳಿ, ಕೂಸುಗಳೊಡನೆ ಇಡೀ ಊರು ಹೊಂಗೆಯ ತೋಪಿಗೆ ಹೊರಟುಬಿಡುತ್ತದೆ. ಇದನ್ನೇ ಹೊರಬೀಡು ಎನ್ನುತ್ತಾರೆ. ಜನ ತೊರೆದ ಬೀದಿಗಳಲ್ಲಿ ಗ್ರಾಮದೇವತೆ ಗಂಗಮ್ಮ ಏಕಾಂಗಿಯಾಗಿ ಸಂಚರಿಸುತ್ತಾಳೆ; ಸೂರ್ಯ ಮುಳುಗುವವರೆಗೆ ಅಲ್ಲಿ ನರಮನುಷ್ಯರ ಹೆಜ್ಜೆ ಬೀಳಕೂಡದು. ಊರಬಾಗಿಲ ಕಲ್ಲಿಗೆ ಅಡ್ಡಲಾಗಿ ಮುಳ್ಳುಕಂಟಿ ಎಳೆದು ಕಾವಲು ನಿಲ್ಲುವುದು ಕೋನಪ್ಪನ ಮನೆತನದ ಹಕ್ಕು. ಸಂಜೆ ಅವನು ಕೂಗಿ ಕರೆದ ಮೇಲೆಯೇ ಊರವರು ಒಳಗೆ ಬರಬೇಕು. ನಡುವೆ ಯಾರಾದರೂ ನುಸುಳಿದ್ದರೆ ಅವನು ಕೂಗುವಂತಿಲ್ಲ. ಊರು ಮತ್ತೊಂದು ಹಗಲು ಹೊರಗೇ ಉಳಿಯಬೇಕು.

ಕೋನಪ್ಪನ ಮಗಳು ಗೌತಮಿ ಆ ಭಾಗದ ಗ್ರಾಮ ಆಡಳಿತಾಧಿಕಾರಿ. ಅವಳ ಕಣ್ಣಿಗೆ ಅದು ಹಕ್ಕಾಗಿ ಎಂದೂ ಕಂಡಿರಲಿಲ್ಲ. ತೋಪಿನಲ್ಲಿ ಎಲ್ಲರ ಊಟ ಮುಗಿದ ಮೇಲೆ ಯಾರೋ ಒಬ್ಬರು ಅಪ್ಪನಿಗೆಂದು ಊಟದ ಎಲೆಯೊಂದನ್ನು ತಂದು, ಕಲ್ಲಿನಿಂದ ದೂರದಲ್ಲೇ ನೆಲದ ಮೇಲಿಟ್ಟು, ತಿರುಗಿ ನೋಡದೆ ಹೋಗುತ್ತಿದ್ದುದು ಅವಳ ಬಾಲ್ಯದ ನೆನಪುಗಳಲ್ಲೆಲ್ಲ ಗಟ್ಟಿಯಾದದ್ದು.

ಆ ವರ್ಷ ಊರ ಹಿಂದಿನ ಬೆಟ್ಟಸಾಲಿನಲ್ಲಿ ನಮ್ಮ ಸೇನೆಯೂ ಕಡಲಾಚೆಯ ಮಿತ್ರರಾಷ್ಟ್ರವೊಂದರ ಸೇನೆಯೂ ಸೇರಿ ಜಂಟಿ ಸಮರಾಭ್ಯಾಸ ನಡೆಸುತ್ತಿದ್ದವು. ಶತ್ರುಗಳು ಅಡಗಿರುವ ಹಳ್ಳಿಯನ್ನು ವಶಪಡಿಸಿಕೊಳ್ಳುವ ಅಭ್ಯಾಸಕ್ಕೆ ಬರಿದಾದ ಊರೊಂದು ಬೇಕಾಗಿತ್ತು. ಹೊರಬೀಡಿನ ಸುದ್ದಿ ಕೇಳಿದ ನಮ್ಮ ಸೇನೆಯ ಕ್ಯಾಪ್ಟನ್, ಬೀಗಗಳನ್ನು ಮುಟ್ಟುವುದಿಲ್ಲ, ಬೀದಿಗಳಷ್ಟೇ ಸಾಕು ಎಂದು ಗೌತಮಿಯ ಮೂಲಕ ಕೇಳಿಸಿದ. ಪಂಚಾಯಿತಿ ಕಟ್ಟೆಯಲ್ಲಿ ಸಭೆ ಸೇರಿತು. ನಿವೃತ್ತ ಉಪಾಧ್ಯಾಯರೂ ಗುಡಿಯ ಧರ್ಮದರ್ಶಿಗಳೂ ಆದ ಪುಟ್ಟಸ್ವಾಮಯ್ಯನವರು, ದೇವಿ ನಡೆದಾಡುವ ನೆಲದ ಮೇಲೆ ಬೂಟುಗಾಲು ಬಿದ್ದರೆ ಊರು ಉಳಿಯುವುದಿಲ್ಲವೆಂದು ನಡುಗುವ ದನಿಯಲ್ಲಿ ಹೇಳಿದರು. ಬಯ್ಯಪ್ಪನಂಥ ದೊಡ್ಡ ರೈತರೆಲ್ಲ ತಲೆಯಾಡಿಸಿದರು. ಊರು ಒಪ್ಪಲಿಲ್ಲ.

ಊರು ಒಪ್ಪಿದೆ ಎಂದೇ ಗೌತಮಿ ಕ್ಯಾಪ್ಟನ್‌ಗೆ ತಿಳಿಸಿದಳು. ಕಲ್ಲಿನ ಬಳಿ ನಿಲ್ಲುವ ಮುದುಕ ದಾರಿ ಬಿಡುವುದಿಲ್ಲ, ಅವನನ್ನು ಅಲ್ಲೇ ಮಾತಿಗೆಳೆದು ಪಡೆಯನ್ನು ಕೆರೆಯ ಏರಿಯ ಕಡೆಯಿಂದ ಇಳಿಸಿ ಎಂದೂ ಸೇರಿಸಿದಳು. ಆ ಮುದುಕ ತನ್ನ ತಂದೆ ಎಂಬುದನ್ನು ಹೇಳಲಿಲ್ಲ. ಒಮ್ಮೆ ಈ ಕಟ್ಟಳೆ ಮುರಿದು, ಆಕಾಶ ಕಳಚಿ ಬೀಳದ್ದನ್ನು ಜನ ಕಣ್ಣಾರೆ ಕಂಡರೆ, ಮರುವರ್ಷ ಅಪ್ಪ ಬಿಸಿಲಿನಲ್ಲಿ ನಿಲ್ಲಬೇಕಾಗುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಮೋಸಹೋದ ಕಾವಲುಗಾರನನ್ನು ಯಾರೂ ದೂರಲಾರರು ಎಂದೂ ನಂಬಿದ್ದಳು.

ಆದರೂ ಹೊರಬೀಡಿನ ನಸುಕಿನಲ್ಲಿ, ಕೋನಪ್ಪ ಮಿಂದು ಒದ್ದೆ ಪಂಚೆಯಲ್ಲೇ ಹೊರಟಾಗ, ಅವಳು ಅಡ್ಡ ನಿಂತಳು.

"ಈ ವರ್ಷವಾದ್ರೂ ಬಿಟ್ಬಿಡಪ್ಪ. ಅವರು ನೆರಳಲ್ಲಿ ಕೂತು ಒಬ್ಬಟ್ಟು ತಿಂತಾರೆ. ನೀನು ಅವರ ಮನೆ ಕಾಯ್ತೀಯ."

"ಮನೆ ಯಾರು ಕಾಯ್ತಾರಮ್ಮ? ಗಂಗಮ್ಮನ್ನ ಕಾಯ್ತೀನಿ."

"ಆ ಗಂಗಮ್ಮನ ಗುಡಿಯೊಳಕ್ಕೆ ನಿನ್ನ ಬಿಟ್ಟವ್ರಾ ಯಾವತ್ತಾದ್ರೂ?"

ಕೋನಪ್ಪ ಪಂಚೆಯ ತುದಿಯನ್ನು ಹಿಂಡಿದ. "ಇಲ್ಲ. ಗುಡಿ ಅವರ್ದು. ಇವತ್ತೊಂದಿನ ಊರೇ ಗುಡಿ ಕಣಮ್ಮ. ಇದರ ಬಾಗಿಲಲ್ಲಿ ನಾನಿರ್ತೀನಿ. ಪುಟ್ಟಸ್ವಾಮಯ್ಯನೋರೂ ನನ್ನ ಕೇಳೇ ಒಳಗೆ ಬರಬೇಕು."

ಅವಳ ಕೋಪ ಇಮ್ಮಡಿಸಿತು. ಬೆನ್ನು ಬಾಗಿದವನಿಗೆ ಬಾಗಿಲು ಕಾಯುವುದೇ ದೊಡ್ಡಸ್ತಿಕೆ ಎಂದು ಅಂದುಬಿಟ್ಟಳು. ತಾಯಿ ಗಂಗುಲಮ್ಮ ಬುತ್ತಿ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ಮಗಳನ್ನು ದಿಟ್ಟಿಸಿದಳು. ಕೋನಪ್ಪ ಹೊರಟುಹೋದ.

ಬಿಸಿಲೇರಿದಾಗ ಕ್ಯಾಪ್ಟನ್ ಮಿತ್ರಸೇನೆಯ ಅಧಿಕಾರಿಯೊಬ್ಬನೊಡನೆ ಊರಬಾಗಿಲಿಗೆ ಬಂದ. ಜೊತೆಯಲ್ಲಿ ನಾಲ್ಕಾರು ಸಿಪಾಯಿಗಳೂ, ಭಾಷಾಂತರಕ್ಕೆಂದು ಗೌತಮಿಯೂ ಇದ್ದರು. ಒಳಗೆ ಹೋಗಬಹುದೇ ಎಂದು ಕ್ಯಾಪ್ಟನ್ ವಿನಯದಿಂದ ಕೇಳಿಸಿದ. ಆಗದು ಎಂದ ಕೋನಪ್ಪ. ಕಾರಣ ಕೇಳಿದರು, ಹೇಳಿದ. ಗಂಗಮ್ಮ ಯಾರು, ಎಷ್ಟು ತಲೆಮಾರಿನಿಂದ ಈ ಕಾವಲು, ರಾಜರ ಕಾಲದಲ್ಲೂ ಹೀಗೇ ಇತ್ತೇ ಎಂದು ಒಂದರ ಹಿಂದೊಂದು ಪ್ರಶ್ನೆಗಳು ಬಂದವು. ವಿದೇಶೀ ಅಧಿಕಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾರೂ ಇಷ್ಟು ಕಿವಿಗೊಟ್ಟು ತನ್ನನ್ನು ಕೇಳಿದ್ದು ಕೋನಪ್ಪನಿಗೆ ನೆನಪಿರಲಿಲ್ಲ. ಅವನ ಕುತ್ತಿಗೆ ನೇರವಾಯಿತು. ಬೆಳಗಿನ ಜಗಳವನ್ನು ಮರೆತವನಂತೆ ಮಗಳತ್ತ ತಿರುಗಿ, "ನೋಡ್ದೇನಮ್ಮ, ಎರಡು ದೇಶದ ದಂಡು ನಿಮ್ಮಪ್ಪನ ಮಾತಿಗೆ ನಿಂತೈತೆ" ಎಂದ.

ಗೌತಮಿ ಅದನ್ನು ಭಾಷಾಂತರಿಸಲಿಲ್ಲ.

ಅಷ್ಟರಲ್ಲಿ ಊರೊಳಗೆ ಗುಂಡಿನ ಸದ್ದಾಯಿತು. ಹುಸಿಗುಂಡೇ ಆದರೂ ಬರಿದಾದ ಬೀದಿಗಳಲ್ಲಿ ಅದು ಬಂಡೆ ಸಿಡಿದಂತೆ ಮೊಳಗಿತು. ಹೆಂಚುಗಳ ಮೇಲೆ ಕಿತ್ತಳೆ ಬಣ್ಣದ ಹೊಗೆ ಎದ್ದಿತು. ಗುಡಿಯ ಬೀದಿಯ ಮಾಳಿಗೆಯೊಂದರ ಮೇಲೆ ಶಿರಸ್ತ್ರಾಣ ಧರಿಸಿದ ಆಕೃತಿಗಳು ಬಗ್ಗಿ ಓಡಿದವು. ಎರಡು ಭಾಷೆಗಳಲ್ಲಿ ಆಜ್ಞೆಗಳು ಕೇಳಿಸಿದವು. ಕೋನಪ್ಪ ಮೊದಲು ಹೊಗೆಯನ್ನು ನೋಡಿದ. ಬಳಿಕ ಮಗಳ ಮುಖವನ್ನು ನೋಡಿದ. ಅಲ್ಲಿ ಆಶ್ಚರ್ಯವಿರಲಿಲ್ಲ. ಕ್ಯಾಪ್ಟನ್ ಕೈಕುಲುಕಲು ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

ಸೇನೆ ಹೊತ್ತು ಇಳಿಯುವ ಮೊದಲೇ ಬೆಟ್ಟಕ್ಕೆ ಮರಳಿತು. ಸೂರ್ಯ ಮುಳುಗುತ್ತಲೇ ತೋಪಿನಿಂದ ಜನ ಬಂದು ಮುಳ್ಳುಕಂಟಿಯ ಈಚೆ ನೆರೆದರು. ಮಕ್ಕಳು ತೂಕಡಿಸುತ್ತಿದ್ದರು, ಹಾಲು ಕರೆಯದ ಹಸುಗಳು ಅರಚುತ್ತಿದ್ದವು. ಕೋನಪ್ಪ ಕಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದ.

"ಕೂಗಪ್ಪ ಕೋನಪ್ಪ, ಹೊತ್ತಾಯ್ತು" ಎಂದರು ಪುಟ್ಟಸ್ವಾಮಯ್ಯ.

"ಕೂಗಲ್ಲ ಮೇಷ್ಟ್ರೇ. ದಂಡು ಒಳಕ್ಕೆ ಹೋಗಿತ್ತು."

ಗುಂಪಿನಲ್ಲಿ ಗುಸುಗುಸು ಎದ್ದಿತು. ಹೊಗೆಯನ್ನು ತೋಪಿನಿಂದಲೇ ಕಂಡಿದ್ದವರು ನೆಲ ನೋಡಿದರು. ಪುಟ್ಟಸ್ವಾಮಯ್ಯನವರು ತಗ್ಗಿದ ದನಿಯಲ್ಲಿ, ಬೆಟ್ಟದಲ್ಲಿ ಆದದ್ದು ಊರಲ್ಲಿ ಆದಂತೆ ಕಂಡಿರಬಹುದು ಎಂದರು. ಬಯ್ಯಪ್ಪನಿಗೆ ಅಷ್ಟು ಸಹನೆಯಿರಲಿಲ್ಲ.

"ಏಮಯ್ಯಾ, ಮಗಳು ಆಫೀಸರಾದ್ಲು ಅಂತ ನೀನು ಊರಿಗೇ ಆರ್ಡರ್ ಹಾಕ್ತೀಯಾ? ಕೂಗು ಅಂದ್ರೆ ಕೂಗ್ಬೇಕು. ನಿಮ್ಮಪ್ಪ ಕೂಗ್ತಿರ್ಲಿಲ್ವಾ?"

ಹಿಂದಿನಿಂದ ಯಾರೋ ನಕ್ಕರು. ಕೋನಪ್ಪ ಆ ನಗೆಯತ್ತ ನೋಡದೆ, ಅಂಚಿನಲ್ಲಿ ನಿಂತಿದ್ದ ಗೌತಮಿಯತ್ತ ಕೈ ತೋರಿದ. "ಆಯಮ್ಮನ್ನೇ ಕೇಳಿ."

ಗೌತಮಿ ಮುಂದೆ ಬಂದಳು. "ನಾನೇ ಬಿಟ್ಟೆ. ಊರು ಒಪ್ಪೈತೆ ಅಂತ ಸುಳ್ಳು ಹೇಳ್ದೆ. ಕೆರೆ ಕಡೆ ದಾರಿನೂ ನಾನೇ ತೋರಿಸ್ದೆ. ಅಪ್ಪಂಗೆ ಗೊತ್ತಿರಲಿಲ್ಲ."

ಬೈಗುಳ ಬೀಳುವುದೆಂದು ಅವಳು ಸಿದ್ಧಳಾಗಿದ್ದಳು. ಬಿದ್ದದ್ದು ಬೇರೆ. ಪುಟ್ಟಸ್ವಾಮಯ್ಯನವರ ಮುಖ ತಿಳಿಯಾಯಿತು. ಹಾಗಾದರೆ ಇದು ಸರ್ಕಾರದ ಕೆಲಸವಾಯಿತು, ಅತಿಕ್ರಮಣವಲ್ಲ ಎಂದು ಅವರು ವಿವರಿಸತೊಡಗಿದರು. ದೇಶ ಕಾಯುವವರ ಹೆಜ್ಜೆಗೆ ದೋಷವಿಲ್ಲ. ಆಪತ್ಕಾಲದಲ್ಲಿ ಧರ್ಮ ಸಡಿಲವಾಗುತ್ತದೆ. ಹಸಿದ ಕೂಸುಗಳನ್ನು ಮತ್ತೊಂದು ಹಗಲು ಹೊರಗಿಡುವುದನ್ನು ತಾಯಿ ಮೆಚ್ಚಳು. ಹೇಳುತ್ತ ಹೇಳುತ್ತಲೇ ಊರುಗೋಲಿನಿಂದ ಮುಳ್ಳುಕಂಟಿಯನ್ನು ಬದಿಗೆ ಸರಿಸಿದರು. ಕಲ್ಲನ್ನು ದಾಟಿ ಒಳಗೆ ಕಾಲಿಟ್ಟರು.

ಕೋನಪ್ಪ ಕದಲಲಿಲ್ಲ. ತಡೆಯಲು ಓಡಿದವಳು ಗೌತಮಿ. ಎರಡೂ ತೋಳುಗಳನ್ನು ಚಾಚಿ ದಾರಿಗಡ್ಡ ನಿಂತಳು.

"ನಿಂತ್ಕೊಳ್ಳಿ. ಅಪ್ಪ ಇನ್ನೂ ಕೂಗಿಲ್ಲ."

ಬಯ್ಯಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀನೇ ತೆಗೆದ ಬಾಗಿಲು ತಾನೇ ಮೇಡಮ್ಮ? ಸರ್ಕೊ."

ಅವಳು ಸರಿಯಲಿಲ್ಲ. ಜನ ಅವಳ ಎರಡೂ ಬದಿಯಿಂದ ಹರಿದು ಹೋದರು. ಹಸುಗಳು ಹೋದವು, ತಲೆಯ ಮೇಲೆ ಪಾತ್ರೆ ಹೊತ್ತ ಹೆಂಗಸರು ಹೋದರು. ಕೋನಪ್ಪನ ಮುಖವನ್ನು ಯಾರೂ ನೋಡಲಿಲ್ಲ; ಅವನ ಸೋದರಮಾವನ ಮಕ್ಕಳು ಕೂಡ ತಲೆತಗ್ಗಿಸಿ ದಾಟಿದರು. ಸ್ವಲ್ಪ ಹೊತ್ತಿನಲ್ಲಿ ಬೀಗಗಳು ತೆರೆದುಕೊಳ್ಳುವ ಸದ್ದೂ, ಒಲೆಯ ಹೊಗೆಯ ವಾಸನೆಯೂ ಹೊರಬಂದವು.

ಕೋನಪ್ಪ ಮುಳ್ಳುಕಂಟಿಯನ್ನು ಮತ್ತೆ ಎಳೆದು ಇದ್ದಲ್ಲಿಗೆ ಹಾಕಿದ. ಗಂಗುಲಮ್ಮ ಅವನ ಹಿಂದೆ ತೋಪಿಗೆ ನಡೆದು, ಹೊಂಗೆಯ ಬುಡದಲ್ಲಿ ಹಳೆಯ ಸೀರೆಯೊಂದನ್ನು ಹಾಸಿದಳು. ನಾಳೆಯ ಹಗಲಿಗೆಂದು ಉಳಿದ ಬುತ್ತಿಯನ್ನು ಎರಡು ಪಾಲು ಮಾಡಿ ಎತ್ತಿಟ್ಟಳು. ಗೌತಮಿ ಬಂದು ಅಲ್ಲೇ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂರಲು ಹೋದಳು. ಕೋನಪ್ಪ ಆಚೆ ಮುಖ ಮಾಡಿ ಮಲಗಿದ್ದ.

"ಇಲ್ಲಿ ಕೂತ್ಕೋಬೇಡ" ಎಂದಳು ಗಂಗುಲಮ್ಮ, ದನಿ ಏರಿಸದೆ. "ನಿಮ್ಮಪ್ಪ ಎದ್ದು ಹೋಗ್ತಾನೆ."