ಒಂದು ಪಟ್ಟೆ ಬಿಟ್ಟು ಒಂದು ಪಟ್ಟೆ

ಸೊಸೆ ಟ್ರ್ಯಾಕ್ಟರ್ ಹತ್ತಿದಳೆಂದರೆ ಇಳಿಸುವುದು ಕಷ್ಟ, ಮಾತಿಗೆ ನಿಂತಳೆಂದರೆ ಗೆಲ್ಲುವುದು ಇನ್ನೂ ಕಷ್ಟ. ಕಬ್ಬು ಕಡಿದ ಮೇಲೆ ಹೊಲದ ತುಂಬ ಉಳಿಯುವ ಒಣ ತರಗಿಗೆ ಬೆಂಕಿ ಇಡುವುದು ಮಾವನವರ ರಕ್ತಕ್ಕೆ ಅಂಟಿದ ಅಭ್ಯಾಸ. ಅದೇ ತರಗನ್ನು ಯಂತ್ರದಲ್ಲಿ ಒತ್ತಿ, ಪೆಂಡಿ ಕಟ್ಟಿ, ವಿದ್ಯುತ್ ಘಟಕದ ಬಾಯ್ಲರಿಗೆ ಉರುವಲಾಗಿ ಕಳಿಸಬೇಕೆಂಬುದು ಸೊಸೆಯ ಹಟ. ಜಗ್ಗಾಡಿ ಜಗ್ಗಾಡಿ ಸುಸ್ತಾದ ಮಾವ ಕೊನೆಗೆ ಒಂದು ಹೊಲ ಬಿಟ್ಟುಕೊಟ್ಟಿದ್ದರು.

"ಸಂಜೆಯೊಳಗೆ ನಿನ್ನ ಪೆಂಡಿ ಘಟಕ ಸೇರಿದ್ರೆ ಉಳಿದ ಹೊಲಗಳ ತರಗೂ ನಿಂದೇ. ಇಲ್ಲಾಂದ್ರೆ ನಾಳೆ ಎಲ್ಲಕ್ಕೂ ಬೆಂಕಿ. ಆಮೇಲೆ ಮಾತಿಲ್ಲ."

"ಸಂಜೆ ಯಾಕೆ ಮಾವ? ನಿಮ್ಮ ಮಧ್ಯಾಹ್ನದ ನಿದ್ದೆ ಮುಗಿಯೋದ್ರೊಳಗೆ ಲಾರಿ ಹತ್ತಿಸ್ತೀನಿ," ಎಂದು ಸೊಸೆ ನಕ್ಕಳು.

ಇಬ್ಬನಿ ಆರಿದ ಮೇಲೆ ಕೆಲಸ ಶುರುವಾಯಿತು. ಮುಂದೆ ಮೈದುನ ತರಗು ಬಾಚಿ ಸಾಲು ಮಾಡುತ್ತ ಹೋದರೆ ಹಿಂದಿನಿಂದ ಅವಳ ಯಂತ್ರ ಅದನ್ನು ನುಂಗಿ ಪೆಂಡಿಗಳನ್ನು ಉಗುಳುತ್ತ ಬಂತು. ಈ ಮೈದುನನಿಗೆ ಮನೆಯಲ್ಲಿ ಎಲ್ಲರೂ ಕರೆಯುವುದು ಗಡಿಬಿಡಿ ಎಂದು. ಅವನ ಚಪ್ಪಲಿ ನೋಡಿದರೆ ಸಾಕು, ಹೆಸರು ಯಾಕೆ ಬಂತೆಂದು ತಿಳಿಯುತ್ತದೆ, ಎಡದ್ದು ಬಲಕ್ಕಿರುತ್ತದೆ.

ಅವಳು ಹೊಲವನ್ನೆಲ್ಲ ಬೋಳು ಮಾಡಲಿಲ್ಲ. ಒಂದು ಪಟ್ಟೆ ನೆಲ ಕಾಣುವಂತೆ ಬಾಚಿಸಿ, ಪಕ್ಕದ ಪಟ್ಟೆಯ ತರಗನ್ನು ಹಾಗೇ ಬಿಡಿಸಿದಳು. ಬಿಟ್ಟ ತರಗು ನೆಲದ ತೇವ ಹಿಡಿಯುತ್ತದೆ, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ಒಳ್ಳೆಯದು. ಇಷ್ಟೆಲ್ಲ ಯೋಚಿಸಿದವಳು ಮಾವನಿಗೆ ಮಾತ್ರ ಒಂದಕ್ಷರ ಹೇಳಲಿಲ್ಲ. ಮಾಡಿ ತೋರಿಸಿದರೆ ಸಾಕು, ಬಿಡಿಸಿ ಹೇಳುವುದೇನು ಎಂಬ ಧಿಮಾಕು.

ಮಧ್ಯಾಹ್ನದ ಹೊತ್ತಿಗೆ ರಸ್ತೆಯ ಬದಿಗೆ ಪೆಂಡಿಗಳ ಒಟ್ಟಲು ಎದ್ದು ನಿಂತಿತ್ತು. ಲಾರಿ ಬರುವುದರೊಳಗೆ ತುತ್ತು ತಿನ್ನೋಣವೆಂದು ಅತ್ತಿಗೆ ಮೈದುನ ಇಬ್ಬರೂ ಮರದಡಿ ಕೂತರು.

ಅಷ್ಟರಲ್ಲಿ ಮಾವ ಎದ್ದು ಹೊಲದ ಆಚೆ ತುದಿಗೆ ಬಂದರು. ಮರದ ಮರೆಗಿದ್ದ ಒಟ್ಟಲು ಅಲ್ಲಿಂದ ಕಾಣುತ್ತಿರಲಿಲ್ಲ. ಅರ್ಧ ತಲೆ ಬೋಳಿಸಿ ಎದ್ದು ಹೋದಂತಿದ್ದ ಹೊಲ ನೋಡಿ ಅವರಿಗೆ ಅಯ್ಯೋ ಅನಿಸಿತು. ಪಾಪ, ಯಂತ್ರ ಕೈಕೊಟ್ಟಿದೆ, ಹುಡುಗಿ ಹೇಳಲಾರದೆ ಕೂತಿದ್ದಾಳೆ. ಉಳಿದಿದ್ದನ್ನು ನಾನೇ ಮುಗಿಸಿಬಿಟ್ಟರಾಯಿತು. ಇದು ಅವರ ಲೆಕ್ಕಾಚಾರ. ಆಚೆ ತುದಿಯ ಪಟ್ಟೆಗೆ ಕಡ್ಡಿ ಗೀರಿದರು.

ಹೊಗೆ ಕಂಡದ್ದೇ ಸೊಸೆ ತಟ್ಟೆ ಬಿಟ್ಟು ಓಡಿದಳು. ಗಾಳಿ ಒಟ್ಟಲಿನ ಕಡೆಗೇ ಬೀಸುತ್ತಿತ್ತು.

"ಅತ್ತಿಗೇ, ಹೋಯ್ತು! ಎಲ್ಲಾ ಹೋಯ್ತು!" ಮೈದುನ ನಿಂತಲ್ಲೇ ಕುಣಿದ.

"ಬಾಯಿ ಮುಚ್ಚಿ ಗೋಣಿಚೀಲ ನೆನೆಸೋ! ಒಟ್ಟಲಿನ ಮೇಲೆ ಹೊದಿಸು, ಕಿಡಿ ಬೀಳಬಾರ್ದು."

ಮಾವನಿಗೆ ಆಗ ಒಟ್ಟಲು ಕಂಡಿತು. ಅವರೂ ಓಡಿ ಬಂದು ಒದ್ದೆ ಚೀಲ ಹಿಡಿದರು. "ಉಳಿದಿದೆ ಅಂದ್ಕೊಂಡೆ ಕಣಮ್ಮ... ನಿಂಗೆ ಸಹಾಯ ಆಗ್ಲಿ ಅಂತ..."

ಅವಳು ಬೆಂಕಿಗೂ ಒಟ್ಟಲಿಗೂ ನಡುವಿನ ಬಾಚಿದ ಪಟ್ಟೆಯನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದಳು. ಬರೀ ಮಣ್ಣು, ಒಂದು ಗರಿಯೂ ಇಲ್ಲ. ತನ್ನ ಕೆಲಸ ತನಗೆ ಗೊತ್ತಿಲ್ಲವೇ?

"ಇಲ್ಲೇ ನಿಲ್ಲಿ ಮಾವ. ಹಾರಿ ಬಂದ ಕಿಡಿ ಬಡೀರಿ ಸಾಕು. ಇದು ಮುಂದಕ್ಕೆ ಬರಲ್ಲ."

"ಬೆಂಕಿ ಕಣೇ ಅದು! ನೀನು ಹೇಳಿದ ಹಾಗೆ ಕೇಳೋಕೆ ನಿನ್ನ ಮೈದುನ ಅಲ್ಲ!"

"ಬರಲ್ಲ ಅಂದ್ರೆ ಬರಲ್ಲ."

ಬೆಂಕಿ ಧಗಧಗಿಸುತ್ತ ಬಂತು. ಪಟ್ಟೆಯ ಅಂಚಿಗೆ ಬಂದು ನಾಲಿಗೆ ಚಾಚಿತು. ತಿನ್ನಲು ಏನೂ ಸಿಗಲಿಲ್ಲ. ಹಾರಿದ ಕಿಡಿಗಳನ್ನು ಮಾವ ಸೊಸೆ ಇಬ್ಬರೂ ಬಡಿದು ಆರಿಸಿದರು. ಸ್ವಲ್ಪ ಹೊತ್ತಿಗೆ ಜ್ವಾಲೆ ಕುಗ್ಗಿ, ಬರೀ ಹೊಗೆ ಉಳಿಯಿತು. ಒಂದೇ ಒಂದು ಪಟ್ಟೆ ಕಪ್ಪಾಗಿತ್ತು.

"ತಪ್ಪು ನಂದೂ ಇದೆ ಮಾವ. ಯಾಕೆ ಬಿಟ್ಟೆ ಅಂತ ನಿಮಗೆ ಹೇಳ್ಬೇಕಿತ್ತು," ಎಂದಳು ಸೊಸೆ. ಹೇಳುವಾಗ ನಾಚಿಕೆಯಾಯಿತು.

ಮಾವ ಬೆಂಕಿ ನಿಂತ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಮುಟ್ಟಿ ನೋಡಿದರು.

"ಜೀವಮಾನ ಎಲ್ಲ ಬೆಂಕಿ ಇಟ್ಟಿದ್ದೀನಿ," ಎಂದರು. "ಪಕ್ಕದವರ ಹೊಲಕ್ಕೆ ಹಾರುತ್ತೇನೋ ಅಂತ ಪ್ರತಿ ಸಲ ನಡುಗಿದ್ದೀನಿ. ಯಾರಿಗೂ ಹೇಳಿಲ್ಲ."

ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆಯಿತು. ಮಾವ ಮೊಣಕಾಲು ಹಿಡಿದು ಎದ್ದರು.

"ಬೆಂಕಿನೇ ನೀನು ಹಾಕಿದ ಗೆರೆ ದಾಟ್ಲಿಲ್ಲ. ಇನ್ನು ನಾನ್ಯಾವ ದೊಡ್ಡ ಮನುಷ್ಯ? ನಡಿ, ಪೆಂಡಿ ಹತ್ತಿಸೋಣ."